ಕುಡಿಕೆ ಮೇಷ್ಟ್ರ ತಕ್ಕಡಿ

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ ಅನ್ನುವಷ್ಟು ಹಿಂದೆ, ಒಂದು ಊರಿತ್ತು. ಆ ಊರಿನ ಹೆಸರು ಆವಗೆಕೊಪ್ಪಲು. ಯಾವ ದೊರೆಯ ಕಾಲ, ಯಾವ ಸಂವತ್ಸರ ಅಂತ ಕೇಳಬೇಡಿ. ನನಗೆ ಗೊತ್ತಿಲ್ಲ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಕೈ ಅವರೆಕಾಯಿ ಸುಲಿಯುತ್ತಿರಲಿ, ಕಿವಿ ಈ ಕಡೆ ಇರಲಿ. ಹುಳ ಹಿಡಿದ ಕಾಳು ಒಂದೂ ಮೊರಕ್ಕೆ ಬೀಳಬಾರದು, ಹೇಳಿದ್ದೇನೆ.

ಆವಗೆ ಅಂದರೆ ಗೊತ್ತಲ್ಲ, ಕುಂಬಾರರು ಮಡಕೆ ಸುಡುವ ಗೂಡು. ಊರಿನ ತುಂಬ ಕುಂಬಾರರೇ. ಕೆರೆಯಂಗಳದ ಮಣ್ಣು ಬೆಣ್ಣೆಯ ಹಾಗೆ ಇತ್ತಂತೆ. ಸುತ್ತಲ ಊರಿನವರೆಲ್ಲ ಅಲ್ಲಿಗೇ ಬಂದು ಮಡಕೆ ಕೊಳ್ಳುತ್ತಿದ್ದರಂತೆ. ಕೊಳ್ಳುವಾಗ ಯಾರೂ ಮಡಕೆಯ ಅಂದಚಂದ ನೋಡುತ್ತಿರಲಿಲ್ಲ. ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಗಟ್ಟಿ ಮಡಕೆ ಠಣ್ ಅನ್ನುತ್ತದೆ. ಬಿರುಕು ಬಿಟ್ಟದ್ದು ಬೊದ್ ಅನ್ನುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಊರಿನಲ್ಲಿ ಮರುಳಯ್ಯ ಅಂತ ಒಬ್ಬ ಮೇಷ್ಟ್ರು ಇದ್ದರಂತೆ. ಆಮೇಲೆ ಅವರಿಗೆ ಕುಡಿಕೆ ಮೇಷ್ಟ್ರು ಅಂತಲೇ ಹೆಸರು ಬಂತು. ಅವರ ಕಿವಿ ಮೊರದಗಲ ಇತ್ತು ಅಂತಾರೆ. ಬಾಯಿ ಮುಚ್ಚಿದ ಕುಡಿಕೆಯನ್ನು ಒಮ್ಮೆ ಅಲ್ಲಾಡಿಸಿದರೆ ಒಳಗೆ ಎಷ್ಟು ಮಣ್ಣಿನ ಗುಂಡುಗಳಿವೆ ಅಂತ ಹೇಳಿಬಿಡುತ್ತಿದ್ದರು ಅಂತಾರೆ. ಗೋಡೆಯ ಮೇಲೆ ಇರುವೆ ಹತ್ತಿದರೆ ಅದು ಕಟ್ಟಿರುವೆಯೋ ಕೆಂಪಿರುವೆಯೋ ಅವರಿಗೆ ಕೇಳಿಸುತ್ತಿತ್ತು ಅಂತಲೂ ಅಂತಾರೆ. ಅನ್ನುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಮರಕ್ಕಿಂತ ಮರದ ನೆರಳೇ ಉದ್ದ. ನನಗೆ ನಮ್ಮಜ್ಜಿ ಹೇಳಿದ್ದನ್ನು ನಾನು ಹೇಳುತ್ತೇನೆ.

ಮೊದಮೊದಲು ಅವರು ಬೇರೆ ಮೇಷ್ಟ್ರುಗಳ ಹಾಗೇ ಇದ್ದರಂತೆ. ಕೈಯಲ್ಲಿ ನಾಗರಬೆತ್ತ, ಹುಬ್ಬು ಗಂಟು. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಬೇಕು, ಹಲಗೆಯ ಮೇಲೆ ಲೆಕ್ಕ ಮಾಡಬೇಕು. ಕೂಡುವುದು ಕಳೆಯುವುದು ಹೇಗೋ ನಡೆಯುತ್ತಿತ್ತು. ಆದರೆ ಒಂದು ಲೆಕ್ಕ ಬಂದರೆ ಮಕ್ಕಳಿಗೆ ಹೊಟ್ಟೆನೋವು ಶುರುವಾಗುತ್ತಿತ್ತು. ಒಂದು ಸಂಖ್ಯೆ ಇದೆ, ಅದು ಯಾವುದು ಅಂತ ಹೇಳುವುದಿಲ್ಲ. ಅದನ್ನು ಮೂರರಿಂದ ಗುಣಿಸಿ ನಾಲ್ಕು ಕೂಡಿದರೆ ಹತ್ತೊಂಬತ್ತು. ಹಾಗಾದರೆ ಅದು ಯಾವುದು? ಓದಿದವರು ಇದನ್ನು ಬೀಜಗಣಿತ ಅನ್ನುತ್ತಾರೆ. ಆ ಮಕ್ಕಳು ಭೂತದ ಲೆಕ್ಕ ಅನ್ನುತ್ತಿದ್ದರು. ಕಣ್ಣಿಗೆ ಕಾಣುವುದಿಲ್ಲ, ಆದರೆ ಇದೆ ಅಂತಾರಲ್ಲ, ಅದಕ್ಕೆ.

ಮರುಳಯ್ಯನವರು ಬರುವ ಮುಂಚೆ ಆ ಊರಿಗೆ ಮೇಷ್ಟ್ರುಗಳು ಬರುತ್ತಿದ್ದರು, ಆವಗೆಯ ಹೊಗೆಗೆ ಕೆಮ್ಮಿ ಕೆಮ್ಮಿ ಓಡಿಹೋಗುತ್ತಿದ್ದರು. ಇವರೊಬ್ಬರು ನಿಂತರು. ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ. ಶಾಲೆಯ ಹಿಂದಿನ ಕೋಣೆಯೇ ಮನೆ, ಸುಗ್ಗಿಯಲ್ಲಿ ಮನೆಮನೆಯವರು ಕೊಟ್ಟ ರಾಗಿಯೇ ಊಟ. ಹಾಗೆ ವರ್ಷಗಳು ಕಳೆದವು. ಆಮೇಲೆ ಅವರ ಕಣ್ಣಿಗೆ ಪೊರೆ ಬಂತು. ಆ ಹೊಗೆಯೇ ಕಣ್ಣು ತಿಂದಿತು ಅಂತ ಕೆಲವರು, ವಯಸ್ಸು ಅಂತ ಕೆಲವರು. ಮೊದಲು ದೂರದ ಗುಡ್ಡ ಹೋಯಿತು. ಆಮೇಲೆ ಅಂಗಳದ ಹುಣಸೆಮರ ಹೋಯಿತು. ಆಮೇಲೆ ಎದುರಿಗೆ ಕುಳಿತ ಮಕ್ಕಳ ಮುಖವೂ ಹೋಯಿತು.

ಅವರು ಯಾರಿಗೂ ಹೇಳಲಿಲ್ಲ. ಹೇಳುವುದು ಹೇಗೆ? ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಅರಮನೆಯ ಕಡೆಯಿಂದ ಪರೀಕ್ಷೆ ಮಾಡುವ ಅಯ್ಯನವರು ಕುದುರೆಯ ಮೇಲೆ ಬರುತ್ತಿದ್ದರು. ಅಕ್ಷರ ಕಾಣದ ಮೇಷ್ಟ್ರು ಇರಕೂಡದು ಅಂತ ಕಟ್ಟಳೆ. ಇವರನ್ನು ಕಳಿಸಿದರೆ ಆ ಹೊಗೆಯ ಊರಿಗೆ ಇನ್ನೊಬ್ಬರು ಬರುವುದಿಲ್ಲ, ಶಾಲೆ ಮುಚ್ಚಿದ ಹಾಗೆಯೇ. ಮಕ್ಕಳೇನೋ ಮಣ್ಣು ತುಳಿಯಲು ಹೋಗುತ್ತಾರೆ. ಕಣ್ಣಿಲ್ಲದ ಮುದುಕ ಯಾವ ದಾರಿ ಹಿಡಿದು ಎಲ್ಲಿಗೆ ಹೋಗಬೇಕು? ಪಾಪ, ಅವರಿಗೆ ಹಗಲೂ ರಾತ್ರಿಯೂ ಅದೇ ಯೋಚನೆ ಆಗಿತ್ತಂತೆ.

ಹೀಗಿರುವಾಗ ಒಂದು ದಿನ ಅವರು ಕೆಂಚಿ ಅನ್ನುವ ಹುಡುಗಿಯ ಹಲಗೆಯನ್ನು ಕೈಗೆ ತೆಗೆದುಕೊಂಡರು. ಕೆಂಚಿ ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದಳು, ಹಲಗೆಯ ತುಂಬ ಬರೆದಿದ್ದಳು. ಮೇಷ್ಟ್ರಿಗೆ ಹಲಗೆ ಬರಿದಾಗಿ ಕಂಡಿತು. ಖಾಲಿ ಹಲಗೆ ಹಿಡಿದುಕೊಂಡು ಬಂದಿದ್ದೀಯಾ ಅಂತ ಗದರಿದರು, ಕಿವಿ ಹಿಂಡಿದರು, ಬಾಗಿಲ ಹೊರಗೆ ನಿಲ್ಲಿಸಿದರು. ಹುಡುಗಿ ಹಲಗೆ ಅವಚಿಕೊಂಡು ಅಳುತ್ತಾ ಅಲ್ಲಿಂದಲೇ ಮನೆಗೆ ಹೋಯಿತು.

ಮನೆಯಲ್ಲಿ ಅವಳಜ್ಜಿ ಈರಕ್ಕ. ಅಬ್ಬಾ, ಆ ಈರಕ್ಕ! ಊರಿಗೇ ಒಳ್ಳೆಯ ಮಡಕೆ ಮಾಡುವವಳು, ಊರಿಗೇ ಜೋರು ಬಾಯಿಯವಳು. ಅವಳು ಜಗಳಕ್ಕೆ ನಿಂತರೆ ಬೀದಿನಾಯಿ ಕೂಡ ಬಾಲ ಮಡಚಿಕೊಂಡು ದಾರಿ ಬಿಡುತ್ತಿತ್ತು ಅಂತಾರೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಹಲಗೆ ತುಂಬಿದೆಯೋ ಖಾಲಿಯಿದೆಯೋ ಅನ್ನುವುದಕ್ಕೆ ಅಕ್ಷರ ಯಾಕೆ ಬೇಕು? ಕೈಯಲ್ಲಿದ್ದ ಕುಡಿಕೆಯನ್ನೂ ಕೆಳಗಿಡದೆ ದಡದಡ ಶಾಲೆಗೆ ಬಂದಳು.

"ಏನ್ ಮೇಷ್ಟ್ರೇ, ನಮ್ ಹುಡ್ಗಿ ಹಲಗೆ ತುಂಬ ಬರ್ಕಂಡ್ ಬಂದವ್ಳೆ. ಖಾಲಿ ಅಂತೀರಲ್ಲ, ನಿಮ್ದು ಕಣ್ಣಾ ಇಲ್ಲ ಗೋಡೆ ತೂತಾ?"

ಮೇಷ್ಟ್ರು ದನಿ ಬಂದ ಕಡೆ ತಿರುಗಿದರು. ತಿರುಗಿದರು, ಆದರೆ ಅವರ ಮುಖ ಈರಕ್ಕನ ಕಡೆ ಇರಲಿಲ್ಲ, ಅವಳ ಪಕ್ಕದ ಕಂಬದ ಕಡೆ ಇತ್ತು. ಈರಕ್ಕನ ಬಾಯಿ ಅಲ್ಲಿಗೇ ನಿಂತಿತು. ಹುಟ್ಟಿದಾಗಿನಿಂದ ಆ ಬಾಯಿ ಅರ್ಧ ಮಾತಿನಲ್ಲಿ ನಿಂತದ್ದು ಅದೇ ಮೊದಲು ಅಂತಾರೆ. ಅವಳು ತನ್ನ ಕೈಯಲ್ಲಿದ್ದ ಕುಡಿಕೆಯನ್ನು ಅವರ ಕೈಗೆ ಕೊಟ್ಟಳು. ಆವಗೆಯಲ್ಲಿ ಸೀಳಿದ ಕುಡಿಕೆ ಅದು, ಹೊಟ್ಟೆಯ ಮೇಲೆ ಎದ್ದು ಕಾಣುವ ಬಿರುಕು. ಹೊಸದು ಮೇಷ್ಟ್ರೇ, ಹೆಂಗೈತೆ ನೋಡಿ ಅಂದಳು. ಅವರು ಮುಖದ ಹತ್ತಿರ ಹಿಡಿದು ನೋಡಿದ ಹಾಗೆ ಮಾಡಿ, ಚೆನ್ನಾಗಿದೆ ಕಣಮ್ಮ ಅಂದರು.

ಈರಕ್ಕ ಅವರ ಕೈಯಲ್ಲಿದ್ದಂತೆಯೇ ಅದನ್ನು ಒಮ್ಮೆ ತಟ್ಟಿದಳು. ಬೊದ್ ಅಂದಿತು.

ಮೇಷ್ಟ್ರಿಗೆ ಕೇಳಿಸಿತು. ಅವಳಿಗೆ ಗೊತ್ತಾಯಿತು ಅನ್ನುವುದೂ ಅವರಿಗೆ ಗೊತ್ತಾಯಿತು. ಅವರು ಹಾಗೇ ಜಗುಲಿಯ ಮೇಲೆ ಕುಳಿತು, ಯಾರಿಗೂ ಹೇಳಬೇಡ ಈರಕ್ಕ ಅಂದರಂತೆ. ಬೇಡಿಕೊಂಡರಂತೆ. ಮಕ್ಕಳನ್ನು ಹೆದರಿಸುತ್ತಿದ್ದ ಆ ಮನುಷ್ಯ ಎರಡೂ ಕೈ ಜೋಡಿಸಿದರಂತೆ.

"ಹೇಳಾಕೆ ಏನೈತೆ?" ಅಂದಳು ಈರಕ್ಕ. "ನಮ್ಮೂರಾಗೆ ಮಡಕೇನ ಕಣ್ಣಾಗೆ ನೋಡಿ ತಗಂಡೋರು ಯಾರವ್ರೆ? ತಟ್ಟಿ ಕೇಳ್ತಾರೆ. ನೀವೂ ಮಕ್ಕಳ್ನ ಹಂಗೇ ಕೇಳಿ."

ಅಷ್ಟು ಹೇಳಿ ಅವಳು ಹೊರಟುಹೋದಳು. ಮೇಷ್ಟ್ರು ಆ ಬಿರುಕಿನ ಕುಡಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಟ್ಟುತ್ತಾ ಕುಳಿತಿದ್ದರಂತೆ. ಮಾರನೆಯ ದಿನ ಎಲ್ಲ ಮಕ್ಕಳೆದುರು ಕೆಂಚಿಯನ್ನು ಕರೆದು, ನಿನ್ನ ಲೆಕ್ಕ ಸರಿಯಿತ್ತು ಮಗಾ, ತಪ್ಪಿದ್ದು ನಾನು ಅಂದರು. ಬೆತ್ತವನ್ನು ಅವಳ ಕೈಗೇ ಕೊಟ್ಟು, ನಿಮ್ಮಜ್ಜಿಯ ಆವಗೆಗೆ ಹಾಕು ಅಂದರು. ಅವಳು ಹಾಕಿದಳು. ಆ ಸಲ ಸುಟ್ಟ ಮಡಕೆಗಳಲ್ಲಿ ಒಂದೂ ಸೀಳಲಿಲ್ಲ ಅಂತಾರೆ. ಅದು ನಿಜವೋ ಸುಳ್ಳೋ, ಆದರೆ ಮಕ್ಕಳು ಅದನ್ನೇ ಹೇಳಿಕೊಂಡು ತಿರುಗಿದ್ದು ಮಾತ್ರ ನಿಜ.

ಆಮೇಲೆ ಶುರುವಾಯಿತು ನೋಡಿ, ಕುಡಿಕೆ ಆಟ. ಏಯ್, ಕಂಬಕ್ಕೆ ಒರಗಿದವನೇ, ತೂಕಡಿಸಬೇಡ, ಇದೇ ಮುಖ್ಯ.

ಮೇಷ್ಟ್ರು ಶಾಲೆಯ ತೊಲೆಗೆ ಒಂದು ದೊಡ್ಡ ತಕ್ಕಡಿ ತೂಗುಹಾಕಿಸಿದರು. ಈರಕ್ಕ ಒಂದೇ ಅಳತೆಯ ಕುಡಿಕೆಗಳನ್ನು ಮಾಡಿಕೊಟ್ಟಳು, ಒಂದೇ ತೂಕದ ಮಣ್ಣಿನ ಗುಂಡುಗಳನ್ನು ಮಾಡಿಕೊಟ್ಟಳು. ಮಕ್ಕಳು ಎರಡು ಪಂಗಡವಾದರು. ಕೆರೆ ಹತ್ತಿರದ ಮನೆಯವರು ಕೆರೆ ಕಡೆಯವರು, ಮೇಲಿನ ಬೀದಿಯವರು ದಿಬ್ಬದ ಕಡೆಯವರು. ಒಂದು ಕಡೆಯವರು ಕುಡಿಕೆಗಳೊಳಗೆ ಗುಂಡು ಬಚ್ಚಿಡಬೇಕು, ಎಲ್ಲ ಕುಡಿಕೆಯಲ್ಲೂ ಸಮ. ಹಸಿಮಣ್ಣು ಮೆತ್ತಿ ಬಾಯಿ ಮುಚ್ಚಬೇಕು. ಮುಚ್ಚಿದ ಕುಡಿಕೆಗಳನ್ನೂ ಒಂದಿಷ್ಟು ಬಿಡಿ ಗುಂಡುಗಳನ್ನೂ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದು ತಟ್ಟೆಯಲ್ಲಿ ಬರೀ ಗುಂಡಿಟ್ಟು ತಕ್ಕಡಿ ಸಮ ಮಾಡಬೇಕು. ಒಂದು ಕುಡಿಕೆಯಲ್ಲಿ ಎಷ್ಟು ಗುಂಡು ಅಂತ ಇನ್ನೊಂದು ಕಡೆಯವರು ಹೇಳಬೇಕು. ಕುಡಿಕೆ ಒಡೆಯುವ ಹಾಗಿಲ್ಲ, ಇಣುಕುವ ಹಾಗಿಲ್ಲ.

ಮೊದಲ ದಿನ ಎಲ್ಲರ ಉತ್ತರವೂ ತಪ್ಪಾಯಿತಂತೆ. ಎಷ್ಟು ಸಲ ಮಾಡಿದರೂ ತಪ್ಪು. ಈರಕ್ಕ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕುಂಬಾರರ ಮಕ್ಕಳಾಗಿ ಕುಡಿಕೆಗೂ ತೂಕ ಇದೆ ಅನ್ನುವುದನ್ನೇ ಮರೆತಿದ್ದರು! ದಿನಾ ಬೆಳಗಾದರೆ ಹೊರುವ ಮಡಕೆ, ಅದರ ಭಾರ ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಅವಳು ಆ ಕಡೆಯ ತಟ್ಟೆಗೆ ಅಷ್ಟೇ ಖಾಲಿ ಕುಡಿಕೆಗಳನ್ನು, ಅವುಗಳ ಬಾಯಿಗೂ ಅಷ್ಟೇ ಮಣ್ಣು ಮೆತ್ತಿ, ಇಟ್ಟಳು. ಕುಡಿಕೆಯ ತೂಕ ಕುಡಿಕೆಗೆ ಸರಿಹೋಯಿತು, ಉಳಿದದ್ದು ಗುಂಡಿನ ಲೆಕ್ಕ. ಅಂದಿನಿಂದ ಆಟ ಸರಿಯಾಗಿ ನಡೆಯಿತು.

ಆಟಕ್ಕೆ ಮೇಷ್ಟ್ರು ಮೂರು ಕಟ್ಟಳೆ ಮಾಡಿದ್ದರಂತೆ. ಮೊದಲನೆಯದು, ಮಾಡುವುದನ್ನೆಲ್ಲ ಬಾಯಿ ಬಿಟ್ಟು ಹೇಳುತ್ತಾ ಮಾಡಬೇಕು. ಎರಡನೆಯದು, ಈ ತಟ್ಟೆಯಿಂದ ತೆಗೆದದ್ದನ್ನು ಆ ತಟ್ಟೆಯಿಂದಲೂ ತೆಗೆಯಬೇಕು. ಮೂರನೆಯದು, ಉತ್ತರ ಹೇಳಿ ಆದ ಮೇಲೆ ಬಚ್ಚಿಟ್ಟವರೇ ಕುಡಿಕೆ ಒಡೆದು ತೋರಿಸಬೇಕು. ಸೋತ ಕಡೆಯವರು ಈರಕ್ಕನ ಮಣ್ಣಿಗೆ ನೀರು ಹೊರಬೇಕು. ಅದು ಈರಕ್ಕ ಸೇರಿಸಿದ ಕಟ್ಟಳೆ, ಅವಳೇನು ಕಡಿಮೆಯೇ?

ಹೀಗೆ ಆಡುತ್ತಿದ್ದರು. ಮೂರು ಕುಡಿಕೆ ನಾಲ್ಕು ಗುಂಡು ಈ ಕಡೆ, ಹತ್ತೊಂಬತ್ತು ಗುಂಡು ಆ ಕಡೆ. ಈ ಕಡೆಯಿಂದ ನಾಲ್ಕು ಗುಂಡು ತೆಗೆದೆ ಮೇಷ್ಟ್ರೇ, ಆ ಕಡೆಯಿಂದಲೂ ನಾಲ್ಕು ತೆಗೆದೆ. ಈಗ ಮೂರು ಕುಡಿಕೆಗೆ ಹದಿನೈದು. ಹದಿನೈದನ್ನು ಮೂರು ಪಾಲು ಮಾಡಿದೆ. ಒಂದು ಕುಡಿಕೆಗೆ ಐದು! ಆಗ ಬಚ್ಚಿಟ್ಟವರು ಕುಡಿಕೆ ಒಡೆಯುವರು, ಐದು ಗುಂಡು ನೆಲದ ಮೇಲೆ ಉರುಳುವುವು, ಎಲ್ಲರೂ ಹೋ ಅನ್ನುವರು. ನೋಡಿ, ಅದೇ ಭೂತದ ಲೆಕ್ಕ. ಬಾಯಲ್ಲಿ ಹೇಳಿದ್ದಕ್ಕೆ ಹೊಟ್ಟೆನೋವು ಬರುತ್ತಿತ್ತು, ಕೈಯಲ್ಲಿ ಆಡಿದ್ದಕ್ಕೆ ಊಟದ ಹೊತ್ತೂ ಮರೆತುಹೋಗುತ್ತಿತ್ತು.

ಮೇಷ್ಟ್ರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದರಂತೆ. ಯಾರ ದನಿ ಅನುಮಾನದಲ್ಲಿ ಎಳೆಯುತ್ತದೆ, ಯಾರು ಪಕ್ಕದವನನ್ನು ನೋಡಿ ಹೇಳುತ್ತಿದ್ದಾರೆ, ಯಾರಿಗೆ ಉತ್ತರ ಬಂದರೂ ಹೇಳಲು ಹೆದರಿಕೆ, ಎಲ್ಲ ತಿಳಿಯುತ್ತಿತ್ತು. ಕುಡಿಕೆಯೊಳಗಿನ ಗುಂಡು ಅವರಿಗೆ ಕೇಳಿಸುತ್ತಿತ್ತು ಅಂತಾರಲ್ಲ, ಸುಳ್ಳು. ಅವರು ಕೇಳಿದ್ದು ಮಕ್ಕಳನ್ನು.

ಆ ಮಕ್ಕಳಲ್ಲಿ ಒಬ್ಬ ಭೈರ, ಊರ ಗೌಡನ ಮಗ. ಒಳ್ಳೆಯ ಹುಡುಗ, ಆದರೆ ಆತುರಗಾರ. ಈ ತಟ್ಟೆಯಿಂದ ತೆಗೆದವನು ಆ ತಟ್ಟೆಯಿಂದ ತೆಗೆಯುವುದನ್ನು ಪ್ರತಿಸಲವೂ ಮರೆಯುತ್ತಿದ್ದ. ತಕ್ಕಡಿ ದಡಕ್ಕನೆ ವಾಲಿ ಗುಂಡುಗಳೆಲ್ಲ ಚೆಲ್ಲಾಪಿಲ್ಲಿ. ಅವನಿಗೆ ಒಂಟಿತಟ್ಟೆ ಭೈರ ಅಂತ ಹೆಸರಿಟ್ಟಿದ್ದರು. ಅವನಿಂದಾಗಿ ಕೆರೆ ಕಡೆಯವರು ಹೊತ್ತ ನೀರಿನಲ್ಲಿ ಈರಕ್ಕ ಒಂದು ಬಾವಿ ತುಂಬಿಸಬಹುದಿತ್ತು ಅಂತಾರೆ. ಮೇಷ್ಟ್ರು ಮಾತ್ರ ಬೈಯುತ್ತಿರಲಿಲ್ಲ. ಇನ್ನೊಂದು ತಟ್ಟೆ ಕಾಯುತ್ತಾ ಇದೆ ಭೈರಾ ಅನ್ನುತ್ತಿದ್ದರು, ಅಷ್ಟೇ.

ಈಗ ಕೇಳಿ. ಮೇಷ್ಟ್ರಿಗೆ ಕಣ್ಣಿಲ್ಲ ಅಂತ ಮಕ್ಕಳಿಗೆ ಯಾರೂ ಹೇಳಲಿಲ್ಲ. ಈರಕ್ಕ ಹೇಳಲಿಲ್ಲ, ಮೇಷ್ಟ್ರು ಹೇಳಲಿಲ್ಲ. ಆದರೆ ಒಂದು ಬೆಳಗ್ಗೆ ಕೆಂಚಿ ಉತ್ತರ ಹೇಳುವ ಮುಂಚೆ, ನಾನು ಕೆಂಚಿ, ದಿಬ್ಬದ ಕಡೆಯವಳು ಅಂದಳು. ಅವಳ ಹಿಂದೆಯೇ ಇನ್ನೊಬ್ಬ, ನಾನು ಭೈರ, ಕೆರೆ ಕಡೆಯವನು ಅಂದ. ಅಂದಿನಿಂದ ಎಲ್ಲ ಮಕ್ಕಳೂ ಮಾತಾಡುವ ಮುಂಚೆ ಹೆಸರು ಹೇಳತೊಡಗಿದರು. ಯಾಕೆ ಅಂತ ಮೇಷ್ಟ್ರು ಕೇಳಲಿಲ್ಲ, ಯಾಕೆ ಅಂತ ಮಕ್ಕಳೂ ಹೇಳಲಿಲ್ಲ. ಮೊದಲ ದಿನ ಮಾತ್ರ ಮೇಷ್ಟ್ರು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ನಿಂತಿದ್ದರಂತೆ. ನಮ್ಮಜ್ಜಿ ಇದನ್ನು ಹೇಳುವಾಗಲೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. 

ಊರಿನವರು ಮಾತಾಡದೆ ಇರುತ್ತಾರೆಯೇ? ಶಾಲೆಯಿಂದ ನಗು ಕೇಳಿಸುತ್ತದೆ, ಕುಡಿಕೆ ಒಡೆಯುವ ಸದ್ದು ಕೇಳಿಸುತ್ತದೆ, ಮಗ್ಗಿಯ ಸದ್ದೇ ಇಲ್ಲ. ಗೌಡನಿಗೆ ಸಿಟ್ಟು. ಗುಂಡಾಟ ಆಡೋಕೆ ಮೇಷ್ಟ್ರು ಬೇರೆ ಬೇಕಾ ಅಂತ ಕಟ್ಟೆಯ ಮೇಲೆ ಕುಳಿತು ಎಲ್ಲರೆದುರು ಹೇಳಿದ. ಬರಲಿ ಅಯ್ಯನವರು, ಈ ಸಲ ನಾನೇ ಎಲ್ಲ ಹೇಳುತ್ತೇನೆ ಅಂದ. ಆ ಮಾತು ಮೇಷ್ಟ್ರ ಕಿವಿಗೂ ಬಿತ್ತು. ಸುಗ್ಗಿ ಹತ್ತಿರ ಬಂದ ಹಾಗೆ ಅವರಿಗೆ ಊಟ ಸೇರದಾಯಿತು.

ಸುಗ್ಗಿ ಮುಗಿಯಿತು. ಅಯ್ಯನವರು ಬಂದರು. ಒಣಕಲು ದೇಹದ, ಕಡಿಮೆ ಮಾತಿನ ಮನುಷ್ಯ. ಕೆಟ್ಟವರೇನಲ್ಲ, ಆದರೆ ಕಟ್ಟಳೆ ಅಂದರೆ ಕಟ್ಟಳೆ ಅನ್ನುವವರು. ಅವರು ಗೌಡನ ಜೊತೆಗೆ ಶಾಲೆಯೊಳಗೆ ಬಂದರು, ತೂಗುತ್ತಿದ್ದ ತಕ್ಕಡಿಯನ್ನು ನೋಡಿದರು, ಸಾಲಾಗಿ ಕುಳಿತ ಮಕ್ಕಳನ್ನು ನೋಡಿದರು. ಬಾಗಿಲ ಹೊರಗೆ ಊರವರೆಲ್ಲ ಸೇರಿದರು. ಈರಕ್ಕ ಮಣ್ಣಿನ ಕೈಯಲ್ಲೇ ಬಂದು ನಿಂತಳು. ಅಯ್ಯನವರು ಒಂದು ಹಲಗೆಯ ಮೇಲೆ ಲೆಕ್ಕ ಬರೆದು, ಮಕ್ಕಳಿಗೆ ಓದಿ ಹೇಳಿ ಅಂತ ಮೇಷ್ಟ್ರ ಕೈಗೆ ಕೊಟ್ಟರು.

ಮೇಷ್ಟ್ರು ಹಲಗೆ ಹಿಡಿದು ನಿಂತರು. ಓದಲಿಲ್ಲ. ಹೇಗೆ ಓದುತ್ತಾರೆ?  ಆಗ ಕೆಂಚಿ ಎದ್ದು ನಿಂತಳು.

"ನಾನು ಕೆಂಚಿ, ದಿಬ್ಬದ ಕಡೆಯವ್ಳು. ಬುದ್ಧಿ, ನಮ್ ಆಟದಾಗೆ ಲೆಕ್ಕ ಕೊಟ್ಟೋರೇ ಬಾಯ್ಬಿಟ್ಟು ಹೇಳ್ಬೇಕು. ಮೇಷ್ಟ್ರು ಓದಂಗಿಲ್ಲ."

ಅಯ್ಯನವರು ಅವಳನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. ಹೆಸರು ಯಾಕೆ ಹೇಳಿದೆ ಮಗು ಅಂತ ಕೇಳಿದರು. ಅದೂ ಆಟದ ಕಟ್ಟಳೆ ಬುದ್ಧಿ ಅಂದಳು ಕೆಂಚಿ. ನಿಮ್ಮ ಮೇಷ್ಟ್ರಿಗೆ ನೀನು ಗೊತ್ತಿಲ್ಲವೇ ಅಂತ ಕೇಳಿದರು. ಕೆಂಚಿ ಹಿಂದೆ ತಿರುಗಿ ಉಳಿದ ಮಕ್ಕಳನ್ನು ನೋಡಿದಳು.  ಆಗ ಯಾರೋ ಹಿಂದಿನಿಂದ, ಮೇಷ್ಟ್ರಿಗೆ ನೆಗಡಿ ಬುದ್ಧಿ ಅಂದರಂತೆ. ಇನ್ನೊಬ್ಬರು, ಮೇಷ್ಟ್ರಿಗೆ ವ್ರತ, ಇವತ್ತು ಓದೋ ಹಂಗಿಲ್ಲ ಅಂದರಂತೆ. ಪಾಪದ ಮಕ್ಕಳು, ಬಾಯಿಗೆ ಬಂದ ಸುಳ್ಳನ್ನೆಲ್ಲ ಹೇಳಿದರು.

ಮೇಷ್ಟ್ರಿಗೆ ಅದನ್ನು ಕೇಳಿ ಸಹಿಸಲಾಗಲಿಲ್ಲ. ಲೆಕ್ಕ ಸಮನಾಗಿರಬೇಕು, ಒಂದು ಕಡೆ ಹೇಳಿದ್ದು ಇನ್ನೊಂದು ಕಡೆಗೆ ಸರಿಹೋಗಬೇಕು ಅಂತ ತಾವು ಕಲಿಸಿದ ಮಕ್ಕಳು ತಮಗಾಗಿ ಸುಳ್ಳು ಹೇಳುತ್ತಿದ್ದಾರೆ. ಅವರು ಕೈಯಾಡಿಸಿ ಒಂದು ಕುಡಿಕೆಯನ್ನು ಎತ್ತಿಕೊಂಡರು. ನಮ್ಮ ಆಟದಲ್ಲಿ ಬಚ್ಚಿಟ್ಟವರೇ ಒಡೆಯಬೇಕು ಸ್ವಾಮಿ, ಬಚ್ಚಿಟ್ಟವನು ನಾನು ಅಂದರು. ಅದನ್ನು ನೆಲಕ್ಕೆ ಹಾಕಿ ಒಡೆದರು. ನನಗೆ ಕಣ್ಣಿಲ್ಲ ಅಂದರು.

 ಗೌಡ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಅಯ್ಯನವರು ಬಗ್ಗಿ ನೆಲದ ಮೇಲಿನ ಒಂದು ಚೂರನ್ನು ಎತ್ತಿಕೊಂಡರಂತೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಮಕ್ಕಳಿಗೆ ಕಣ್ಣಿದೆ, ಕಲಿಸುವವರಿಗೆ ಕಣ್ಣಿಲ್ಲ, ಎರಡೂ ಕಡೆ ಸಮ ಇಲ್ಲದ ಮೇಲೆ ಶಾಲೆ ನಡೆಯುವುದು ಹೇಗೆ ಅಂದರಂತೆ.

ಆಗ ಎದ್ದು ನಿಂತವನು ಯಾರು ಗೊತ್ತೇ? ಒಂಟಿತಟ್ಟೆ ಭೈರ.

"ನಾನು ಭೈರ, ಕೆರೆ ಕಡೆಯವ್ನು," ಅಂದ. ಅಪ್ಪನ ಮುಖವನ್ನೂ ನೋಡಲಿಲ್ಲ. "ಈ ತಟ್ಟೆಯಿಂದ ತೆಗೆದದ್ದನ್ನ ಆ ತಟ್ಟೆಯಿಂದ್ಲೂ ತೆಗೀಬೇಕು ಬುದ್ಧಿ. ಮೇಷ್ಟ್ರಿಗೆ ಕಣ್ಣಿಲ್ಲ ಅಂದ್ರೆ ನಮ್ಗೂ ಬ್ಯಾಡ. ಆಗ ಸಮ ಆಯ್ತದೆ."

ಹಾಗಂದವನು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಒಂದು ದಿನವೂ ಎರಡನೇ ತಟ್ಟೆ ನೆನಪಾಗದ ಹುಡುಗನಿಗೆ ಅವತ್ತು ನೆನಪಾಯಿತು. ಕೆಂಚಿಯೂ ಕಣ್ಣು ಮುಚ್ಚಿದಳು. ಒಬ್ಬೊಬ್ಬರಾಗಿ ಎಲ್ಲ ಮಕ್ಕಳೂ ಮುಚ್ಚಿದರು. ಬಾಗಿಲಲ್ಲಿದ್ದ ಈರಕ್ಕ ತನ್ನ ಹೆಗಲ ಮೇಲಿದ್ದ ಒದ್ದೆ ಬಟ್ಟೆಯನ್ನು, ಮಣ್ಣು ಒಣಗದಂತೆ ಹೊದಿಸುವ ಬಟ್ಟೆಯನ್ನು, ಪರಪರ ಹರಿದಳು. ಇಣುಕೋದು ಬ್ಯಾಡ, ಆಟ ಅಂದ್ಮೇಲೆ ಆಟ ಅನ್ನುತ್ತಾ ಒಂದೊಂದು ತುಂಡನ್ನು ಒಂದೊಂದು ಮಗುವಿನ ಕಣ್ಣಿಗೆ ಕಟ್ಟಿದಳು.

ಈಗ ಲೆಕ್ಕ ಕೊಡಿ ಸ್ವಾಮಿ ಅಂದಳು.

ಅಯ್ಯನವರು ಆಟದ ಕಟ್ಟಳೆಯನ್ನೆಲ್ಲ ಕೇಳಿ ತಿಳಿದುಕೊಂಡು, ತಾವೇ ಕುಡಿಕೆಗಳಿಗೆ ಗುಂಡು ತುಂಬಿ, ಮಣ್ಣು ಮೆತ್ತಿ, ತಕ್ಕಡಿಗಿಟ್ಟರು. ಬಾಯಿಬಿಟ್ಟು ಹೇಳಿದರು: ಈ ಕಡೆ ನಾಲ್ಕು ಕುಡಿಕೆ ಮೂರು ಗುಂಡು, ಆ ಕಡೆ ಒಂದು ಕುಡಿಕೆ ಇಪ್ಪತ್ತನಾಲ್ಕು ಗುಂಡು. ಜೊತೆಗೆ ಆ ಕಡೆ ಬಾಯಿ ಮೆತ್ತಿದ ಮೂರು ಖಾಲಿ ಕುಡಿಕೆ, ತೂಕ ಸರಿಮಾಡಲು. ಎರಡೂ ಕಡೆ ಗುಂಡು ಬಚ್ಚಿಟ್ಟ ಕುಡಿಕೆ! ಕಣ್ಣಿದ್ದವರಿಗೇ ತಲೆ ಕೆಡುವ ಲೆಕ್ಕ. ಮಕ್ಕಳು ತಡವುತ್ತಾ ಬಂದು ತಕ್ಕಡಿಯ ಸುತ್ತ ನಿಂತರು. ಒಬ್ಬರ ಕೈ ಇನ್ನೊಬ್ಬರ ಕೈಗೆ ತಾಗುತ್ತಿತ್ತು. ಅವತ್ತು ಕೆರೆ ಕಡೆ, ದಿಬ್ಬದ ಕಡೆ ಅಂತ ಇರಲಿಲ್ಲ, ಎಲ್ಲರೂ ಒಂದೇ ಕಡೆ.

ಗುಂಡು ತೆಗೆಯುವ ಸದ್ದು ಕೇಳಿಸಿತು. ಈ ಕಡೆಯಿಂದ ಮೂರು ಗುಂಡು ತೆಗೆದೆ ಅಂದ ಒಬ್ಬ. ಆ ಕಡೆಯಿಂದ ಮೂರು ನಾನು ತೆಗೆದೆ ಅಂದ ಭೈರ. ಈಗ ನಾಲ್ಕು ಕುಡಿಕೆಗೆ ಒಂದು ಕುಡಿಕೆ ಇಪ್ಪತ್ತೊಂದು ಗುಂಡು. ಮಾತು ಅಲ್ಲಿಗೆ ನಿಂತಿತು. ಯಾರಿಗೂ ಮುಂದೆ ಹೊಳೆಯಲಿಲ್ಲ. ಮೇಷ್ಟ್ರು ಗೋಡೆಗೆ ಒರಗಿದ್ದರು. ತುಟಿ ಅಲುಗುತ್ತಿತ್ತು, ಆದರೆ ಹೇಳಿಕೊಡಲಿಲ್ಲ. ಶಾಲೆಯೂ ಅವರ ಬದುಕೂ ಆ ಮಕ್ಕಳ ನಾಲಿಗೆಯ ತುದಿಯಲ್ಲಿ ನಿಂತಿತ್ತು, ಆದರೂ ಹೇಳಿಕೊಡಲಿಲ್ಲ. ಅದಕ್ಕೇ ಅವರನ್ನು ಮೇಷ್ಟ್ರು ಅನ್ನುವುದು.

ಆಮೇಲೆ ಕೆಂಚಿಯ ದನಿ ಬಂತು. ಕುಡಿಕೆಯನ್ನೂ ತೆಗೆಯಬಹುದಲ್ಲ, ಒಳಗೆ ಎಷ್ಟಿದೆ ಅಂತ ಗೊತ್ತಿಲ್ಲದಿದ್ದರೂ ಎರಡು ಕಡೆಯದೂ ಅಷ್ಟಕ್ಕಷ್ಟೇ ತಾನೇ ಅಂದಳು. ಈ ಕಡೆಯಿಂದ ಒಂದು ಮುಚ್ಚಿದ ಕುಡಿಕೆ ತೆಗೆದಳು. ಆ ಕಡೆ ಕುಡಿಕೆಗಳನ್ನು ತಟ್ಟಿ ತಟ್ಟಿ ನೋಡಿ, ಖಾಲಿ ಯಾವುದು ತುಂಬಿದ್ದು ಯಾವುದು ಅಂತ ಸದ್ದಿ‌ನಲ್ಲೇ ತಿಳಿದು, ತುಂಬಿದ್ದನ್ನು ಭೈರ ತೆಗೆದ. ತಕ್ಕಡಿ ಅಲುಗಾಡಿ ನಿಂತಿತು. ಕೈಯಿಟ್ಟು ನೋಡಿದರು, ಸಮ. ಮೂರು ಕುಡಿಕೆಗೆ ಇಪ್ಪತ್ತೊಂದು.

ಏಳು ಅಂತ ಎಲ್ಲ ಮಕ್ಕಳೂ ಒಟ್ಟಿಗೇ ಕೂಗಿದರಂತೆ. ಆ ಕೂಗಿಗೆ ಹುಣಸೆಮರದ ಗಿಳಿಗಳೆಲ್ಲ ಹಾರಿದವಂತೆ.

 ಎಷ್ಟು ಹೊತ್ತಾದರೂ ಕುಡಿಕೆ ಒಡೆಯುವ ಸದ್ದಿಲ್ಲ. ಗೌಡ ತಿರುಗಿ ನೋಡಿದ. ಅಯ್ಯನವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಮಕ್ಕಳು ಶುರುಮಾಡಿದಾಗಿನಿಂದ ಹಾಗೇ ನಿಂತಿದ್ದರು ಅಂತಾರೆ. ಆಮೇಲೆ ಬಗ್ಗಿ ಒಂದು ಕುಡಿಕೆ ಒಡೆದರು, ಬಚ್ಚಿಟ್ಟವರು ಅವರೇ ತಾನೇ. ಏಳು ಗುಂಡು ಉರುಳಿದವು. ಗೌಡರೇ, ನಾನು ಕಂಡದ್ದನ್ನು ಮಾತ್ರ ಅರಮನೆಗೆ ಹೇಳುವವನು, ನಿಮ್ಮ ಶಾಲೆಯಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೆ, ಕೇಳಿಸಿದ್ದು ಮಾತ್ರ ಚೆನ್ನಾಗಿತ್ತು ಅಂದರಂತೆ. ಹಲಗೆ ಓದಲು ಈ ಹುಡುಗಿಯನ್ನು ಮೇಷ್ಟ್ರ ಪಕ್ಕ ಕೂರಿಸಿಕೊಳ್ಳಿ ಅಂತ ಕೆಂಚಿಯ ತಲೆ ಸವರಿ, ಕುದುರೆ ಹತ್ತಿ ಹೊರಟುಹೋದರು.

ಈರಕ್ಕ ಮಕ್ಕಳ ಕಣ್ಣಿನ ಪಟ್ಟಿ ಬಿಚ್ಚಿದಳು. ಎಲ್ಲರ ರೆಪ್ಪೆಯ ಮೇಲೂ ಕೆಂಪು ಮಣ್ಣಿನ ಗೆರೆ ಮೂಡಿತ್ತು. ಮೇಷ್ಟ್ರು ಒಬ್ಬೊಬ್ಬರನ್ನೇ ಹತ್ತಿರ ಕರೆದು, ಆ ಮಣ್ಣನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರಂತೆ.  ಗೌಡ ಆ ವರ್ಷ ತನ್ನ ಪಾಲಿನ ರಾಗಿಯನ್ನು ತಾನೇ ತಲೆಯ ಮೇಲೆ ಹೊತ್ತು ತಂದು ಸುರಿದ.

ಮೇಷ್ಟ್ರು ಇನ್ನೂ ಬಹಳ ವರ್ಷ ಬದುಕಿದ್ದರು. ಕೆಂಚಿ ಅವರ ಪಕ್ಕದಲ್ಲಿ ಕುಳಿತೇ ದೊಡ್ಡವಳಾದಳು, ಆಮೇಲೆ ಅವಳೇ ಆ ಊರಿಗೆ ಮೇಷ್ಟ್ರಾದಳು. ಅವಳು ನಮ್ಮ ಮನೆಯವಳು, ನಿಮ್ಮ ರಕ್ತದಲ್ಲೂ ಇದ್ದಾಳೆ. ಅದಕ್ಕೇ ನೀವು ಲೆಕ್ಕ ಬರುವುದಿಲ್ಲ ಅಂದರೆ ನನಗೆ ಸಿಟ್ಟು ಬರುವುದು.

ಆ ಊರಿನಲ್ಲಿ ಇವತ್ತಿಗೂ ಮಗು ಶಾಲೆಗೆ ಹೋಗುವ ಮೊದಲ ದಿನ ಅಜ್ಜಿಯೋ ಅಮ್ಮನೋ ಅದರ ರೆಪ್ಪೆಯ ಮೇಲೆ ಕೆರೆಯ ಮಣ್ಣು ಹಚ್ಚುತ್ತಾರೆ. ಬಾಯಿ ಮುಚ್ಚಿದ ಒಂದು ಕುಡಿಕೆಯನ್ನು ಕೈಗೆ ಕೊಡುತ್ತಾರೆ. ಕಟ್ಟೆಯ ಮೇಲೆ ಪಂಚಾಯ್ತಿ ಸೇರಿದರೆ, ಎಲ್ಲರಿಗೂ ಎಲ್ಲರೂ ಗೊತ್ತಿದ್ದರೂ, ಮಾತಾಡುವ ಮುಂಚೆ ಹೆಸರು ಹೇಳುತ್ತಾರೆ. ಹೊರಗಿನಿಂದ ಬಂದವರು ನಗುತ್ತಾರೆ. ನಗಲಿ ಬಿಡಿ.

ಮೇಷ್ಟ್ರನ್ನು ಕೆರೆ ಏರಿಯ ಕೆಳಗೆ ಮಣ್ಣು ಮಾಡಿದ್ದಾರೆ. ಗೋರಿಯಿಲ್ಲ, ಕಲ್ಲಿಲ್ಲ, ಒಂದು ದಿಬ್ಬ ಇದೆ ಅಷ್ಟೇ. ಆ ದಾರಿಯಲ್ಲಿ ನೀರಿಗೆ ಹೋಗುವವರು, ಮಣ್ಣಿಗೆ ಹೋಗುವವರು, ದನ ಹೊಡೆದುಕೊಂಡು ಹೋಗುವವರು, ಯಾರೇ ಆದರೂ ಒಂದು ಗಳಿಗೆ ನಿಂತು ತಮ್ಮ ಹೆಸರು ಹೇಳಿ ಮುಂದೆ ಹೋಗುತ್ತಾರೆ. ಯಾರು ಬಂದರು ಅಂತ ಅವರಿಗೆ ತಿಳಿಯಬೇಕಲ್ಲ.

ನಾಳೆ ನಾವು ಆ ಊರಿಗೆ ಮಡಕೆ ತರಲು ಹೋಗುತ್ತೇವೆ. ಏರಿಯ ಹತ್ತಿರ ಬಂದಾಗ ನಾಚಿಕೊಳ್ಳಬೇಡಿ. ಒಬ್ಬೊಬ್ಬರೇ ಹೇಳಿ, ಅವರಿಗೆ ಕೇಳುವಷ್ಟು ಜೋರಾಗಿ ಹೇಳಿ.